ಈಗಷ್ಟೇ ರಿಸ್ಟೋರ್ ಆದ ಮೈನರ್: ರ‍್ಯಾಲಿಗೆ ಓಡಿಸಿಕೊಂಡು ಹೋಗೋದಾ, ಟ್ರೇಲರ್ ಮೇಲೆ ಹಾಕೋದಾ?

ನೀಲಿ ಮೈನರ್

ಎಲ್ಲರಿಗೂ ನಮಸ್ಕಾರ. ನಮ್ಮ ಹಳೇ ಬ್ರಿಟಿಷ್ ಕಾರು ಮೋರಿಸ್ ಮೈನರ್ 1000 ರಿಸ್ಟೋರ್ ಕೆಲಸ ಕೊನೆಗೂ ಮುಗಿಯಿತು. 1098 ಸಿಸಿ ಎಂಜಿನ್, ನಾಲ್ಕು ಬಾಗಿಲು, ಮೊದಲಿದ್ದ ತಿಳಿ ನೀಲಿಯನ್ನೇ ಮತ್ತೆ ಹೊಡೆಸಿದ್ದೇನೆ. ಕೊಳೆತಿದ್ದ ಫ್ಲೋರ್ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ, ಎಂಜಿನ್ ಸಿಲಿಂಡರ್‌ಗಳನ್ನು ಕೊರೆಸಿ ಬೋರ್ ಮಾಡಿಸಿ, ವೈರಿಂಗ್ ಪೂರ್ತಿ ಬದಲಾಯಿಸಿದ್ದಾಗಿದೆ. ಮುಂದಿನ ತಿಂಗಳು ಮಾಲೀಕರ ರ‍್ಯಾಲಿ ಇದೆ. ಮೊದಲ ದಿನ ಗಾಡಿಗಳನ್ನೆಲ್ಲ ನಿಲ್ಲಿಸಿ ಪ್ರದರ್ಶನ, ಜಡ್ಜುಗಳೂ ಬರುತ್ತಾರೆ. ಎರಡನೇ ದಿನ ಸುಮಾರು 120 ಕಿ.ಮೀ. ಓಟ. ಅಲ್ಲಿಗೆ ಹೋಗೋಕೇ ಇನ್ನೊಂದು 200 ಕಿ.ಮೀ. ಆಗುತ್ತೆ.

ಎಂಜಿನ್ ಓಡಿದ್ದು ತೀರಾ ಕಡಿಮೆ. ಸುತ್ತಮುತ್ತ ಓಡಾಡಿದ್ದು ಬಿಟ್ಟರೆ ದೂರ ಎಲ್ಲೂ ಹೋಗಿಲ್ಲ. ಇದರ ಮೇಲೆ ಮನೆಯಲ್ಲಿ ಎರಡು ಪಕ್ಷ ಆಗಿದೆ. ಕಾರು ಅಂದ್ಮೇಲೆ ಓಡಿಸಿಕೊಂಡೇ ಹೋಗಬೇಕು ಅಂತ ಅಪ್ಪ. ಟ್ರೇಲರ್ ಮೇಲೆ ಹಾಕಿ, ಪೇಂಟ್ ಉಳಿಯಲಿ ಅಂತ ಪೇಂಟ್ ಮಾಡಿದವರು. ನೀವೇನಂತೀರಿ? ಓಡಿಸೋದಾದರೆ ಮೊದಲು ಏನೇನು ನೋಡಬೇಕು?

ಗ್ರೀಸ್ ಕೈ

ಓಡಿಸಿ. ಅಪ್ಪ ಹೇಳಿದ್ದೇ ಸರಿ.

ಪಾಲಿಶ್ ಬಟ್ಟೆ

ಮೊದಲು ಅಭಿನಂದನೆ ಸರ್. ಫೋಟೋ ಹಾಕಿ!

ನನ್ನ ಓಟು ಟ್ರೇಲರ್‌ಗೆ. ಹೊಸ ಪೇಂಟ್ ಮೇಲೆ ಮುಟ್ಟಿದರೆ ಗಟ್ಟಿ ಅನ್ನಿಸುತ್ತೆ, ಒಳಗೆ ಪೂರ್ತಿ ಗಟ್ಟಿಯಾಗೋಕೆ ವಾರಗಳು ಬೇಕು. ಮುಂದೆ ಹೋಗುವ ಲಾರಿ ಚಕ್ರದಿಂದ ಹಾರುವ ಒಂದು ಜಲ್ಲಿ ಕಲ್ಲು ಸಾಕು, ಬಾನೆಟ್ ಅಂಚಲ್ಲಿ ಚಿಪ್ಪು ಏಳೋಕೆ. ಅದು ಕಾಣೋದು ಎಲ್ಲರಿಗಿಂತ ಮೊದಲು ಜಡ್ಜ್ ಕಣ್ಣಿಗೇ. ಇನ್ನೊಂದು, ಮೇಣವನ್ನೂ ಈಗಲೇ ಹಚ್ಚಬೇಡಿ, ಕವರ್ ಬಿಗಿದು ಮುಚ್ಚಲೂ ಬೇಡಿ. ಪೇಂಟ್‌ಗೆ ಉಸಿರಾಡೋಕೆ ಬಿಡಿ. ಎಷ್ಟು ದಿನ ಅಂತ ಹೊಡೆದವರನ್ನೇ ಕೇಳಿ, ಪೇಂಟಿಂದ ಪೇಂಟಿಗೆ ಅದು ಬೇರೆ.

ಗ್ರೀಸ್ ಕೈ

ಬಂತು ನೋಡಿ ಪಾಲಿಶ್ ಪಾರ್ಟಿ. ಟ್ರೇಲರಿಂದ ಇಳಿಸಿ, ಐವತ್ತು ಅಡಿ ಓಡಿಸಿ ಹುಲ್ಲಿನ ಮೇಲೆ ನಿಲ್ಲಿಸಿ, ಸಂಜೆ ಮತ್ತೆ ಟ್ರೇಲರ್ ಹತ್ತಿಸೋದು. ಪ್ರೈಜ್ ಬಂದ ಗಾಡಿ ಒಂದಕ್ಕೆ ಬ್ರೇಕ್ ಪೆಡಲ್ ಒತ್ತಿದರೆ ಫ್ಲೋರ್‌ಗೇ ಹೋಗುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ.

ಪಾಲಿಶ್ ಬಟ್ಟೆ

ಗ್ರೀಸ್ ಕೈ ಸಾಹೇಬರೇ, ಹಳೇ ಗಾಡಿಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ ಹೇಳೋದೇ ಹಾಗೆ. ಕನಿಷ್ಠ 30 ವರ್ಷ ಹಳೆಯದಿರಬೇಕು, ಮೂಲ ಸ್ಥಿತಿಯಲ್ಲಿ ಕಾಪಾಡಿರಬೇಕು, ದಿನಾ ಓಡಾಡೋಕೆ ಬಳಸಬಾರದು. ಕಾಪಾಡೋದು ಮುಖ್ಯ.

ಗ್ರೀಸ್ ಕೈ

ದಿನಾ ಬಳಸಬಾರದು ಅಂದರೆ ಯಾವತ್ತೂ ಬಳಸಬಾರದು ಅಂತಾನಾ? ಲಂಡನ್‌ನಿಂದ ಬ್ರೈಟನ್‌ಗೆ ಪ್ರತಿ ನವೆಂಬರ್‌ನಲ್ಲಿ ಓಟ ನಡೆಯುತ್ತಲ್ಲ, 1896ರ ನವೆಂಬರ್ 14ರ ಓಟದ ನೆನಪಿಗೆ. ಅದರಲ್ಲಿ ಬರೋದೆಲ್ಲ 1905ಕ್ಕಿಂತ ಮುಂಚಿನ ಗಾಡಿಗಳು. ಚಳಿ ಮಳೆಯಲ್ಲಿ, ತಲೆ ಮೇಲೆ ಛಾವಣಿನೂ ಇಲ್ಲದೆ ಅಷ್ಟು ದೂರ ಓಡುತ್ತವೆ. ಕೆಟ್ಟು ನಿಂತರೆ ಇಳಿದು ತಳ್ಳುತ್ತಾರೆ. ಅವರಿಗಿಲ್ಲದ ಭಯ ಮೈನರ್‌ಗೆ ಯಾಕೆ ಸ್ವಾಮಿ?

ಮೂರನೇ ಗೇರ್

ಟ್ರೇಲರ್ ಜಗಳ ಆಮೇಲೆ ಆಡೋಣ. ವರ್ಷಗಟ್ಟಲೆ ಓಡುತ್ತಲೇ ಇರುವ ಕೊಳಕು ಮೈನರ್ ಒಂದು, ನಿನ್ನೆ ಮುಗಿದ ಮಿರಮಿರ ಮಿಂಚುವ ಮೈನರ್ ಒಂದು. ದೂರದ ದಾರಿಗೆ ಯಾವುದು ಅಂತ ಕೇಳಿದರೆ ನಾನು ಕಣ್ಣು ಮುಚ್ಚಿ ಕೊಳಕು ಗಾಡಿ ಹತ್ತುತ್ತೇನೆ. ಅದರಲ್ಲಿ ಸಡಿಲ ಆಗಬೇಕಾದ್ದೆಲ್ಲ ಯಾವತ್ತೋ ಸಡಿಲ ಆಗಿ, ಯಾರೋ ಬಿಗಿ ಮಾಡಿಯೂ ಆಗಿದೆ. ನಿಮ್ಮದರಲ್ಲಿ ಒಂದೊಂದು ಬೋಲ್ಟನ್ನೂ ಬಿಚ್ಚಿ ಹಾಕಿದ್ದಾರೆ. ಬೋಲ್ಟ್ ಕೆಳಗೆ ಹೊಸ ಪೇಂಟ್, ಹೊಸ ಗ್ಯಾಸ್ಕೆಟ್, ಹೊಸ ರಬ್ಬರ್ ಬುಷ್. ಬಿಸಿಯಾಗಿ ತಣ್ಣಗಾಗುತ್ತ ಇವೆಲ್ಲ ಒಂಚೂರು ಕೂರುತ್ತವೆ. ಅಷ್ಟಕ್ಕೇ ಬೋಲ್ಟ್ ಸಡಿಲ ಆಗುತ್ತೆ.

ಅದಕ್ಕೇ ರ‍್ಯಾಲಿಗೆ ಮುಂಚೆ ಒಂದು 800 ಕಿ.ಮೀ. ಓಡಿಸಿಬಿಡಿ. ಒಂದೇ ಏಟಿಗೆ ಬೇಡ. ಮೊದಲು 20 ಕಿ.ಮೀ. ಹೋಗಿ ಬಂದು ಗಾಡಿ ಕೆಳಗೆ ಮಲಗಿ ನೋಡಿ, ಎಲ್ಲಾದರೂ ಒದ್ದೆ ಇದೆಯಾ ಅಂತ. ಆಮೇಲೆ 50. ಅಷ್ಟು ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೆ ಬಿಗಿ ಮಾಡಿ. ರಿಮ್‌ಗೂ ಹೊಸ ಪೇಂಟ್ ಹೊಡೆಸಿರುತ್ತೀರಿ, ನಟ್ ಕೂತ ಜಾಗದಲ್ಲಿ ಅದು ಸವೆದು ನಟ್ ಸಡಿಲ ಆಗೇ ಆಗುತ್ತೆ. ಸಿಲಿಂಡರ್ ಹೆಡ್ ನಟ್ಟುಗಳನ್ನೂ ಎಂಜಿನ್ ತಣ್ಣಗಿರುವಾಗ ಕ್ರಮ ತಪ್ಪದೆ ಟಾರ್ಕ್ ಮಾಡಿ, ಅಂದರೆ ಹೇಳಿದಷ್ಟೇ ಬಲಕ್ಕೆ ಬಿಗಿ ಮಾಡಿ. ಅದಾದ ಮೇಲೇ ಟ್ಯಾಪೆಟ್ ಗ್ಯಾಪ್ (ವಾಲ್ವ್ ಹತ್ತಿರದ ಸಣ್ಣ ಸಂದು) ಸೆಟ್ ಮಾಡಬೇಕು, 12 ಥೌ, ಅಂದರೆ ಇಂಚಿನ ಸಾವಿರದಲ್ಲಿ 12 ಭಾಗ. ಹೆಡ್ ಬಿಗಿಯಾದರೆ ಟ್ಯಾಪೆಟ್ ಗ್ಯಾಪ್ ಬದಲಾಗುತ್ತೆ, ಮೊದಲೇ ಸೆಟ್ ಮಾಡಿಟ್ಟರೆ ಸುಮ್ನೆ ಎರಡು ಕೆಲಸ.

ರನ್ನಿಂಗ್ ಇನ್, ಅಂದರೆ ಹೊಸ ಎಂಜಿನ್ ಪಳಗಿಸೋದು, ಬರೀ ನಿಧಾನ ಓಡಿಸೋದು ಅಂತ ಸುಮಾರು ಜನ ತಿಳಿದಿದ್ದಾರೆ. ಟಾಪ್ ಗೇರಲ್ಲಿ 30ರಲ್ಲಿ ಗೊರಗೊರ ಅನ್ನಿಸಿಕೊಂಡು ಏರು ಹತ್ತಿಸೋದೇ ಹೊಸ ಎಂಜಿನ್‌ಗೆ ಜಾಸ್ತಿ ಕೆಟ್ಟದ್ದು. ಗೇರ್ ಇಳಿಸಿ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹಿಡಿದಿಡಬೇಡಿ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಬಿಡಿ, ಮತ್ತೆ ಕೊಡಿ. ಪಿಸ್ಟನ್‌ನ ಹೊಸ ರಿಂಗುಗಳು ಸಿಲಿಂಡರ್ ಬೋರ್‌ಗೆ ಕೂರೋದು ಆ ಒತ್ತಡದಿಂದಲೇ. ಮೊದಲ ಆಯಿಲ್ ಬೇಗ ಬದಲಾಯಿಸಿ. ಇಳಿಸಿದ ಆಯಿಲನ್ನು ಬಿಸಿಲಿಗೆ ಹಿಡಿದರೆ ಬೆಳ್ಳಿ ಪುಡಿ ತರ ಹೊಳೆಯುತ್ತೆ. ಮೊದಲ ಸಲ ಅದು ಮಾಮೂಲು. ಎರಡನೇ ಸಲವೂ ಅಷ್ಟೇ ಹೊಳೆದರೆ ಯೋಚನೆ ಮಾಡಿ.

ಕಾರ್ಬುರೇಟರ್ ಕಿವಿ

ಮೂರನೇ ಗೇರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆಯಿಲ್ ಯಾವುದು ಅನ್ನೋದೂ ನೋಡಿ. ಈ ಎಂಜಿನ್‌ನಲ್ಲಿ ವಾಲ್ವ್ ತೆರೆಸುವ ಕ್ಯಾಮ್ ಟ್ಯಾಪೆಟ್ ಮೇಲೆ ಉಜ್ಜಿಕೊಂಡೇ ತಿರುಗುತ್ತೆ, ರೋಲರ್ ಇಲ್ಲ. ಸತು ಇರುವ ಝಡ್‌ಡಿಡಿಪಿ ಅನ್ನೋ ಅಂಶ ಅದಕ್ಕೆ ಬೇಕು. ಈಗಿನ ಕಾರುಗಳ ತೆಳು ಆಯಿಲ್‌ನಲ್ಲಿ ಅದು ಕಡಿಮೆ. ಹಳೇ ಗಾಡಿಗೆ ಅಂತಲೇ ಬರುವ 20ಡಬ್ಲ್ಯು50 ದಪ್ಪ ಆಯಿಲ್ ಹಾಕಿ.

ತುಕ್ಕು ಕಂಡರಾಗದು

ಪೇಂಟು ಆಯಿಲು ಅಂತ ಎಲ್ಲ ಮಾತಾಡ್ತಿದ್ದೀರಿ, ಮೈನರ್ ಅಂದರೆ ಮೊದಲು ಕೇಳಬೇಕಾದ್ದು ಟ್ರನಿಯನ್ ಬಗ್ಗೆ ಅಲ್ವಾ? ಬದಲಾಯಿಸಿದ್ರಾ? ಗ್ರೀಸ್ ಹೊಡೆದ್ರಾ?

ಹೊಸ ಸ್ಪ್ಯಾನರ್

ಟ್ರನಿಯನ್ ಅಂದ್ರೆ ಏನು? ನಾನು ಈಗಷ್ಟೇ ಒಂದು ಮೈನರ್ ನೋಡಿಕೊಂಡು ಬಂದಿದ್ದೇನೆ, ತಗೊಳ್ಳೋ ಯೋಚನೆ ಇದೆ.

ತುಕ್ಕು ಕಂಡರಾಗದು

ಬನ್ನಿ ಬನ್ನಿ. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗಬೇಕಲ್ಲ, ಅದನ್ನು ಹಿಡಿದುಕೊಂಡಿರುವ ಉದ್ದ ಕಾಲಿನ ಮೇಲೆ ಕೆಳಗೆ ಮರೆ ಇರುತ್ತೆ, ಬೋಲ್ಟ್ ಮೇಲಿನ ಮರೆ ತರಾನೇ. ಆ ಮರೆಗೆ ಸೇರಿಕೊಂಡಿರುವ ತುಂಡೇ ಟ್ರನಿಯನ್. ಗಾಡಿಯ ಭಾರ ಹೊತ್ತುಕೊಂಡು ಆ ಮರೆಯಲ್ಲೇ ತಿರುಗುತ್ತಾ ಇರುತ್ತೆ. ಗ್ರೀಸ್ ಹೋಗದಿದ್ದರೆ ಮರೆ ಸವೆಯುತ್ತೆ. ಸವೆದು ಸವೆದು ಒಂದು ದಿನ ಕಳಚಿಕೊಂಡರೆ ಚಕ್ರ ಮಡಚಿ ಮಡ್‌ಗಾರ್ಡ್ ಒಳಗೆ ಸೇರುತ್ತೆ. ಸಾಮಾನ್ಯವಾಗಿ ನಿಧಾನವಾಗಿ ತಿರುಗಿಸುವಾಗ ಆಗುತ್ತೆ, ಅದೊಂದು ಪುಣ್ಯ.

ಗಾಡಿ ತಗೊಳ್ಳೋ ಮುಂಚೆ ಜ್ಯಾಕ್ ಏರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಗ್ರೀಸ್ ನಿಪ್ಪಲ್ (ಗ್ರೀಸ್ ಒಳಗೆ ಹೊಡೆಯುವ ಸಣ್ಣ ಬಾಯಿ) ಮೇಲೆ ಪೇಂಟ್ ಕೂತಿದ್ದರೆ ಮಾಲೀಕರು ಗ್ರೀಸ್ ಗನ್ ಮುಟ್ಟೇ ಇಲ್ಲ ಅಂತಲೇ ಲೆಕ್ಕ. ರಿಸ್ಟೋರ್ ಆದ ಗಾಡಿಯಲ್ಲೂ ಇದು ನಡೆಯುತ್ತೆ. ನಿಪ್ಪಲ್ ಮೇಲೇ ಕರಿ ಪೇಂಟ್ ಹೊಡೆದುಬಿಟ್ಟಿರುತ್ತಾರೆ, ನೋಡೋಕೆ ಮಾತ್ರ ಚಂದ.

ನೀಲಿ ಮೈನರ್

ಟ್ರನಿಯನ್ ಎರಡೂ ಕಡೆ ಹೊಸದು ಸರ್. ನಿಪ್ಪಲ್ ಈಗಲೇ ಹೋಗಿ ನೋಡ್ತೀನಿ.

ಡೈನಮೋ ದೀಪ

ವೈರಿಂಗ್ ಪೂರ್ತಿ ಹೊಸದು ಅಂದಿರಲ್ಲ, ಅದಕ್ಕೇ ಹೇಳ್ತಿದ್ದೀನಿ. ಹೊಸ ವೈರಿಂಗ್ ಹಾಕಿದ ಗಾಡಿಯಲ್ಲಿ ಕರೆಂಟ್ ತೊಂದರೆ ಬಂದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಅರ್ತ್. ಲೈಟಿನ ಕರೆಂಟ್ ವಾಪಸ್ ಹೋಗೋದು ಬಾಡಿ ತಗಡಿನಿಂದ. ಆ ತಗಡಿಗೆ ನೀವು ಪ್ರೈಮರ್, ಪೇಂಟ್, ಲ್ಯಾಕರ್ ಅಂತ ಪದರ ಪದರ ಹೊಡೆಸಿದ್ದೀರಿ. ಕರೆಂಟ್ ಎಲ್ಲಿಂದ ಹೋಗಬೇಕು? ಬಲಕ್ಕೆ ಇಂಡಿಕೇಟರ್ ಹಾಕಿದರೆ ಹಿಂದಿನ ದೀಪವೂ ಮಂಕಾಗಿ ಮಿಟುಕಿದರೆ ಬಲ್ಬ್ ಬದಲಾಯಿಸೋಕೆ ಹೋಗಬೇಡಿ. ಅರ್ತ್ ಕೂರುವ ಜಾಗದಲ್ಲಿ ಬೋಲ್ಟ್ ಬಿಚ್ಚಿ, ನಾಣ್ಯದಷ್ಟು ಅಗಲ ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿ ಮಾಡಿ, ಮೇಲೆ ವ್ಯಾಸ್‌ಲೀನ್ ಹಚ್ಚಿ. ಎಂಜಿನ್ನಿಂದ ಬಾಡಿಗೆ ಹೋಗುವ ದಪ್ಪ ಪಟ್ಟಿಯನ್ನಂತೂ ಮರೀಬೇಡಿ. ಅದು ಸರಿ ಇಲ್ಲದಿದ್ದರೆ ಸ್ಟಾರ್ಟರ್‌ನ ಕರೆಂಟ್ ಚೋಕ್ ಕೇಬಲ್ ಹಿಡಿದು ಹೋಗುತ್ತೆ, ಕೇಬಲ್ ಕೆಂಡದ ತರ ಬಿಸಿ.

ಮೈನರ್ ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ಬಾಡಿಗೆ ಸೇರಿರುತ್ತೆ ಅನ್ನೋದು ನಿಮಗೆ ಗೊತ್ತಿರುತ್ತೆ. ರ‍್ಯಾಲಿಯಲ್ಲಿ ಯಾರಾದರೂ ಪ್ರೀತಿಯಿಂದ ಫೋನ್ ಚಾರ್ಜರ್ ಸಿಕ್ಕಿಸೋಕೆ, ಜಂಪ್ ಸ್ಟಾರ್ಟ್ ಮಾಡೋಕೆ ಬಂದರೆ ಅವರಿಗೂ ಗೊತ್ತಿರಲಿ.

ಕಾರ್ಬುರೇಟರ್ ಕಿವಿ

ಪೆಟ್ರೋಲ್ ಟ್ಯಾಂಕ್ ಹಳೆಯದಾ ಹೊಸದಾ?

ನೀಲಿ ಮೈನರ್

ಹಳೆಯದೇ. ಒಳಗೆ ತೊಳೆಸಿದ್ದೇನೆ.

ಕಾರ್ಬುರೇಟರ್ ಕಿವಿ

ಹಾಗಾದರೆ ಒಂದು ಫಿಲ್ಟರ್ ಹಾಕಿ, ಕಾಣುವಂಥದ್ದು. ಎಥನಾಲ್ ಇರುವ ಪೆಟ್ರೋಲ್ ಹಳೇ ಟ್ಯಾಂಕಿನ ಮೂಲೆಯಲ್ಲಿ ಅಂಟಿದ ಕೊಳೆಯನ್ನೆಲ್ಲ ಎಬ್ಬಿಸುತ್ತೆ. ತೊಳೆದಾಗ ಬರದ್ದು ದಾರಿಯಲ್ಲಿ ಕುಲುಕಿದಾಗ ಬರುತ್ತೆ. ಹಳೇ ಕಾಲದ ರಬ್ಬರ್ ಪೈಪನ್ನೂ ಎಥನಾಲ್ ತಿನ್ನುತ್ತೆ. ಪೈಪ್ ಮೇಲೆ ಆರ್9 ಅಂತ ಅಚ್ಚು ಇರುವುದನ್ನು ನೋಡಿ ಹಾಕಿ, ಅದು ಎಥನಾಲ್ ತಡೆಯುತ್ತೆ. ಸುಮ್ನೆ ಕರಿ ಪೈಪ್ ಸಿಕ್ಕಿತು ಅಂತ ಹಾಕಬೇಡಿ, ಎಂಜಿನ್ ಬಿಸಿ ಮೇಲೆ ಪೆಟ್ರೋಲ್ ಹನಿ ಬಿದ್ದರೆ ಮುಂದಿನದು ಹೇಳೋದೇ ಬೇಡ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಇರಲಿ, ಡಿಕ್ಕಿಯ ತಳದಲ್ಲಿ ಅಲ್ಲ.

ಇನ್ನು ಪೆಟ್ರೋಲ್ ತಳ್ಳುವ ಎಸ್‌ಯು ಎಲೆಕ್ಟ್ರಿಕ್ ಪಂಪ್. ಕೀ ತಿರುಗಿಸಿದ ಕೂಡಲೇ ಟಿಕ್ ಟಿಕ್ ಟಿಕ್ ಅಂದು, ಕಾರ್ಬುರೇಟರ್ ತುಂಬಿದ ಮೇಲೆ ನಿಲ್ಲಬೇಕು. ನಿಲ್ಲದೆ ಬಡಬಡ ಹೊಡೆದುಕೊಳ್ಳುತ್ತಿದ್ದರೆ ಒಂದೋ ಟ್ಯಾಂಕ್ ಖಾಲಿ, ಇಲ್ಲ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲ ಪೆಟ್ರೋಲ್ ಹೊರಗೆ ಸುರಿಯುತ್ತಿದೆ. ಸದ್ದೇ ಇಲ್ಲ ಅಂದರೆ ಒಳಗಿನ ಪಾಯಿಂಟ್ ಅಂಟಿದೆ. ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ಕುಟ್ಟಿ.

ಗ್ರೀಸ್ ಕೈ

ಮೆಲ್ಲಗೆ. ಈ ಪದ ನೆನಪಿರಲಿ.

ಹಿಂದಿನ ಸೀಟು

ವಿಷಯ ಬಿಟ್ಟು ಒಂದು ಮಾತು. ಮೈನರ್ ಬಾನೆಟ್ ಮಧ್ಯದಲ್ಲಿ ಎದ್ದಿರುವ ಪಟ್ಟಿ ಯಾಕೆ ಬಂತು ಗೊತ್ತಾ? ಡಿಸೈನ್ ಎಲ್ಲ ಮುಗಿದ ಮೇಲೆ ಡಿಸೈನರ್ ಇಸಿಗೋನಿಸ್‌ಗೆ ಗಾಡಿ ಇಕ್ಕಟ್ಟು ಅನ್ನಿಸಿತಂತೆ. ಮಾದರಿ ಗಾಡಿಯನ್ನು ಉದ್ದುದ್ದಕ್ಕೆ ಎರಡು ಸೀಳು ಮಾಡಿಸಿ, ದೂರ ಸರಿಸಿ ನೋಡಿ, 4 ಇಂಚು ಅಗಲ ಮಾಡಿಸಿದರು. ಅಷ್ಟರಲ್ಲಿ ಬಂಪರ್‌ಗಳು ತಯಾರಾಗಿಬಿಟ್ಟಿದ್ದವು. ಅವನ್ನೂ ಮಧ್ಯ ಕತ್ತರಿಸಿ 4 ಇಂಚಿನ ತುಂಡು ಸೇರಿಸಿದರು. 1948ರ ಆರಂಭದ ಗಾಡಿಗಳ ಬಂಪರ್‌ನಲ್ಲಿ ಆ ಜೋಡಣೆ ಈಗಲೂ ಕಾಣುತ್ತೆ.

ಪಾಲಿಶ್ ಬಟ್ಟೆ

ಕಂಪನಿ ಯಜಮಾನರು ನಫೀಲ್ಡ್ ಇದನ್ನು ಮೊದಲ ಸಲ ನೋಡಿ ನೀರಲ್ಲಿ ಬೇಯಿಸಿದ ಮೊಟ್ಟೆ ಅಂತ ಬೈದಿದ್ದರಂತೆ. ಆಮೇಲೆ ಅದೇ ಗಾಡಿ ಹತ್ತು ಲಕ್ಷ ದಾಟಿತು. ಬ್ರಿಟಿಷ್ ಕಾರುಗಳಲ್ಲಿ ಅದೇ ಮೊದಲು. ಆ ಖುಷಿಗೆ ನೇರಳೆ ಬಣ್ಣದಲ್ಲಿ ಸುಮಾರು 350 ಗಾಡಿ ಬಿಟ್ಟರು. ಬ್ಯಾಡ್ಜ್‌ನಲ್ಲಿ ಮೈನರ್ 1000 ಬದಲು ಮೈನರ್ 1000000!

ಹೊಸ ಸ್ಪ್ಯಾನರ್

ನಾನು ನೋಡಿದ ಗಾಡಿಯಲ್ಲಿ ಬಾಗಿಲ ಪಕ್ಕದ ಕಂಬದಿಂದ ಕೈ ತರ ಇಂಡಿಕೇಟರ್ ಹೊರಗೆ ಬರುತ್ತೆ. ಅದು ಒರಿಜಿನಲ್ಲಾ?

ಹಿಂದಿನ ಸೀಟು

ಹೌದು, ಟ್ರಾಫಿಕೇಟರ್. 1961ರಲ್ಲಿ ಮಿಟುಕುವ ದೀಪ ಬಂತು, ಅಲ್ಲಿಯವರೆಗೆ ಅದೇ. ಕೆಲಸ ಮಾಡ್ತಿದೆ ಅಂದರೆ ಗಾಡಿ ಬಿಡಬೇಡಿ.

ಗ್ರೀಸ್ ಕೈ

ಬಿಡಬೇಡಿ, ಆದರೆ ರಸ್ತೆಯಲ್ಲಿ ಅದನ್ನೇ ನಂಬಲೂ ಬೇಡಿ. ಹಿಂದೆ ಬರುವವರಿಗೆ ಅದು ಏನು ಅಂತಲೇ ಗೊತ್ತಾಗಲ್ಲ. ಮಿಟುಕುವ ದೀಪವನ್ನೂ ಹಾಕಿಸಿ.

ಪಾಲಿಶ್ ಬಟ್ಟೆ

ಅಯ್ಯೋ, ಒರಿಜಿನಲ್ ಬಾಡಿಗೆ ತೂತು ಕೊರೆಸೋದಾ?

ರೋಡ್‌ಬುಕ್

ಎಲ್ಲರೂ ಗಾಡಿ ಬಗ್ಗೆಯೇ ಮಾತಾಡಿದಿರಿ, ಎರಡನೇ ದಿನದ ಓಟದ ಬಗ್ಗೆ ಯಾರೂ ಕೇಳಲಿಲ್ಲ. ನೀಲಿ ಮೈನರ್ ಅವರೇ, ಅದು ರೆಗ್ಯುಲಾರಿಟಿ ಓಟವಾ? ಅಂದರೆ ಇಂತಿಷ್ಟು ಸರಾಸರಿ ವೇಗ ಕೊಟ್ಟು, ಬೇಗ ಬಂದರೂ ದಂಡ, ತಡವಾಗಿ ಬಂದರೂ ದಂಡ?

ನೀಲಿ ಮೈನರ್

ಹೌದು, ಸರಾಸರಿ 40 ಅಂತ ಬರೆದಿದ್ದಾರೆ. ಅಪ್ಪನೇ ನ್ಯಾವಿಗೇಟರ್. ಇಬ್ಬರಿಗೂ ಇದು ಹೊಸದು.

ರೋಡ್‌ಬುಕ್

ಒಳ್ಳೇದಾಯ್ತು, ಆರಾಮಾಗಿ ಆಡಬಹುದು. 40 ಅಂದರೆ 10 ಕಿ.ಮೀ.ಗೆ 15 ನಿಮಿಷ. ಈಗ ನಿಮ್ಮ ದೂರ ಅಳೆಯುವ ಮೀಟರ್ ಶೇಕಡಾ 5 ತಪ್ಪು ತೋರಿಸಿದರೆ ಆ 10 ಕಿ.ಮೀ.ನಲ್ಲೇ 45 ಸೆಕೆಂಡ್ ಹೋಯ್ತು. ಒಂದೊಂದು ಸೆಕೆಂಡಿಗೂ ಅಂಕ ಕಳೆಯುವ ಕಡೆ ಇದು ದೊಡ್ಡ ಪೆಟ್ಟು. ಟೈರ್ ಯಾವುದು ಹಾಕಿದ್ದೀರಿ? ಮೊದಲು ಬರುತ್ತಿದ್ದ 5.20-14 ಅಳತೆಯ ಹಳೇ ಮಾದರಿಯ ಕ್ರಾಸ್‌ಪ್ಲೈ ಟೈರ್ ಜಾಗದಲ್ಲಿ ಈಗ ಎಲ್ಲರೂ 145ಆರ್14 ರೇಡಿಯಲ್ ಹಾಕುತ್ತಾರೆ. ಸುತ್ತಳತೆ ಒಂಚೂರು ಬೇರೆಯಾದರೂ ಮೀಟರ್ ತಪ್ಪುತ್ತೆ. ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳನ್ನು ಹಿಡಿದು ಹತ್ತು ಕಿ.ಮೀ. ಓಡಿಸಿ, ಮೀಟರ್ ಎಷ್ಟು ತೋರಿಸಿತು ಅಂತ ಬರೆದಿಟ್ಟುಕೊಳ್ಳಿ. ಮೀಟರ್ ಮೈಲಿಯಲ್ಲಿದ್ದರೆ ಲೆಕ್ಕ ಹಾಕಿದ ಪಟ್ಟಿ ಮೊದಲೇ ತಯಾರಿರಲಿ.

ದಾರಿ ತೋರಿಸೋಕೆ ಕೊಡುವ ರೋಡ್‌ಬುಕ್‌ನಲ್ಲಿ ದುಂಡು ಚುಕ್ಕಿ, ಬಾಣ ಇರುವ ಸಣ್ಣ ಚಿತ್ರಗಳಿರುತ್ತವೆ, ಟ್ಯುಲಿಪ್ ಅಂತಾರೆ. ಚುಕ್ಕಿ ಅಂದರೆ ನೀವು ಬರುವ ಕಡೆ, ಬಾಣ ಅಂದರೆ ಹೋಗುವ ಕಡೆ. 1949ರಿಂದ ನಡೆಯುತ್ತಿರುವ ಡಚ್ಚರ ಟ್ಯುಲಿಪ್ ರ‍್ಯಾಲಿಯಿಂದ ಬಂದ ಪದ್ಧತಿ. ಅಪ್ಪನಿಗೆ ಒಂದು ಮಾತು ಹೇಳಿ. ತಿರುವು ಬಂದ ಮೇಲೆ ಹೇಳಿದರೆ ಪ್ರಯೋಜನವಿಲ್ಲ, ಇನ್ನೂರು ಮೀಟರ್ ಮುಂಚೆಯೇ ಹೇಳಬೇಕು. ಗಂಡ ಹೆಂಡತಿ ಜಗಳ ಆಗೋದು ಇಲ್ಲೇ. ಅಪ್ಪ ಮಗನ ಕಥೆ ಹೇಗೋ ನೋಡೋಣ.

ಮೂರನೇ ಗೇರ್

ಬ್ರೇಕ್ ಬಗ್ಗೆ ಬರೆಯೋದು ಬಿಟ್ಟುಹೋಗಿತ್ತು. ನಾಲ್ಕೂ ಚಕ್ರಕ್ಕೆ ಡ್ರಮ್. ಹೊಸ ಲೈನಿಂಗ್ ಡ್ರಮ್‌ಗೆ ಪೂರ್ತಿ ತಾಗುವವರೆಗೆ ಹಿಡಿತ ಕಡಿಮೆ, ಒಂದು ಕಡೆಗೆ ಎಳೆಯಲೂಬಹುದು. ಸ್ವಲ್ಪ ಓಡಿಸಿದ ಮೇಲೆ ಮತ್ತೆ ಅಡ್ಜಸ್ಟ್ ಮಾಡಿ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಇಳಿಯಬೇಡಿ, ಗೇರಲ್ಲೇ ಇಳಿಸಿ. ಮಾಸ್ಟರ್ ಸಿಲಿಂಡರ್ ಇರೋದು ಡ್ರೈವರ್ ಕಾಲ ಕೆಳಗೆ, ಚಾಸಿ ಒಳಗೆ. ಆಯಿಲ್ ಮಟ್ಟ ನೋಡೋಕೆ ಮ್ಯಾಟ್ ಎತ್ತಬೇಕು, ಅದಕ್ಕೇ ಯಾರೂ ನೋಡಲ್ಲ. ಬ್ರೇಕ್ ಆಯಿಲ್ ಪೇಂಟ್ ಮೇಲೆ ಚೆಲ್ಲಿದರೆ ಪೇಂಟ್ ಏಳುತ್ತೆ, ಕೂಡಲೇ ನೀರು ಹಾಕಿ ತೊಳೆಯಿರಿ.

ಪಾಲಿಶ್ ಬಟ್ಟೆ

ಟ್ರೇಲರ್‌ನಲ್ಲಿ ಹೋದರೆ ಇದ್ಯಾವ ತಲೆನೋವೂ ಇಲ್ಲ ಅಂತ ಮತ್ತೊಮ್ಮೆ ನೆನಪಿಸುತ್ತೇನೆ.

ರೋಡ್‌ಬುಕ್

ಟ್ರೇಲರ್‌ಗೂ ಅದರದ್ದೇ ತಲೆನೋವಿದೆ ಸರ್. ಭಾರ ಆಕ್ಸಲ್‌ಗಿಂತ ಸ್ವಲ್ಪ ಮುಂದಕ್ಕೆ ಇರಬೇಕು. ಗಾಡಿಯನ್ನು ಹಿಂದೆ ಸರಿಸಿ ಕಟ್ಟಿದರೆ ವೇಗದಲ್ಲಿ ಟ್ರೇಲರ್ ಬಾಲ ಬೀಸುತ್ತೆ, ಎಳೆಯುವ ಗಾಡಿಯನ್ನೂ ಕರೆದುಕೊಂಡೇ ಹೋಗುತ್ತೆ. ಪಟ್ಟಿಯನ್ನು ಚಕ್ರಕ್ಕೆ ಕಟ್ಟಬೇಕು. ಬಂಪರ್‌ಗೆ ಕಟ್ಟಿ ಕ್ರೋಮ್ ಬಾಗಿಸಿದವರನ್ನು ನೋಡಿದ್ದೇನೆ.

ನೀಲಿ ಮೈನರ್

ಎಲ್ಲರಿಗೂ ಥ್ಯಾಂಕ್ಸ್. ಸುಮಾರು ಕೆಲಸ ಆಯ್ತು. ನಿಪ್ಪಲ್ ಮೇಲೆ ನಿಜವಾಗಲೂ ಪೇಂಟ್ ಇತ್ತು! ಕೆರೆದು ಗ್ರೀಸ್ ಹೊಡೆದೆ, ಹೊಸ ಗ್ರೀಸ್ ಅಂಚಿನಿಂದ ಹೊರಗೆ ಬರುವವರೆಗೆ. ಹಿಂದಿನ ಎಡ ದೀಪ ಮಂಕಾಗಿತ್ತು, ಡೈನಮೋ ದೀಪ ಅವರು ಹೇಳಿದ ಹಾಗೆ ಅರ್ತ್ ಉಜ್ಜಿದ ಮೇಲೆ ಜಗಮಗ. ಚಕ್ರದ ನಟ್ಟುಗಳು ಪ್ರತಿಯೊಂದೂ ಒಂದು ಕಾಲು ಸುತ್ತು ತಗೊಂಡವು. ಹತ್ತು ಕಿ.ಮೀ. ಕಲ್ಲುಗಳಿಗೆ ನಮ್ಮ ಮೀಟರ್ 6.4 ಮೈಲಿ ತೋರಿಸುತ್ತೆ. ಇರಬೇಕಾದ್ದು 6.2.

ಓಡಿಸಿಕೊಂಡೇ ಹೋಗ್ತಿದ್ದೀವಿ. ಪಾಲಿಶ್ ಬಟ್ಟೆ ಅವರು ಬೈಯಬೇಡಿ, ಬಾನೆಟ್ ಅಂಚಿಗೆ ಹಾಕೋಕೆ ಪಾರದರ್ಶಕ ಫಿಲ್ಮ್ ತಂದಿದ್ದೇನೆ.

ಪಾಲಿಶ್ ಬಟ್ಟೆ

ಪೇಂಟ್ ಪೂರ್ತಿ ಒಣಗುವ ಮುಂಚೆ ಫಿಲ್ಮ್ ಹಾಕಿದರೆ ಕೀಳುವಾಗ ಪೇಂಟ್ ಸಮೇತ ಬರುತ್ತೆ ಮಾರಾಯ್ರೇ! ಬೇಡ. ಮುಂದಿನ ಗಾಡಿಯಿಂದ ದೂರ ಇರಿ, ಅಷ್ಟು ಸಾಕು.

ಡೈನಮೋ ದೀಪ

ಸ್ಪಾರ್ಕ್ ಬರಿಸುವ ಹಳೇ ರೋಟರ್ ಆರ್ಮ್, ಹಳೇ ಕಂಡೆನ್ಸರ್ ಎಸೆದಿಲ್ಲ ತಾನೇ? ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಈಗ ಬರುವ ಹೊಸವು ಎಷ್ಟೋ ಸಲ ಬಿಸಿಯಾದ ಕೂಡಲೇ ಕೈ ಕೊಡುತ್ತವೆ. ನಿಮ್ಮ ಹಳೆಯವು ವರ್ಷಗಟ್ಟಲೆ ಓಡಿ ತೋರಿಸಿವೆ. ಜೊತೆಗೆ ಫ್ಯಾನ್ ಬೆಲ್ಟ್, ಎರಡು ಫ್ಯೂಸ್, ಒಂದಷ್ಟು ವೈರು, ಎಳೆಯುವ ಹಗ್ಗ.

ನೀಲಿ ಮೈನರ್

ಹೋಗಿ ಬಂದೆವು! ಹೋಗುವಾಗ ಏನೂ ಆಗಲಿಲ್ಲ. ತೊಂದರೆ ಆಗಿದ್ದು ಎರಡನೇ ದಿನ, ಸ್ಟಾರ್ಟ್ ಸಾಲಲ್ಲಿ. ಬಿಸಿಲಲ್ಲಿ ಎಂಜಿನ್ ಆನ್ ಇಟ್ಟುಕೊಂಡು ಸಾಲಾಗಿ ನಿಂತಿದ್ದೆವು, ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಾ ಹೋಯಿತು. ಐಡಲ್‌ನಲ್ಲಿ ಫ್ಯಾನ್ ತಿರುಗೋದೇ ನಿಧಾನ ಅಲ್ವಾ. ಪಕ್ಕದ ಗಾಡಿಯವರು ಹೀಟರ್ ಪೂರ್ತಿ ಆನ್ ಮಾಡಿ ಅಂದರು. ಬಿಸಿಲಿಗೆ ಬಿಸಿಗಾಳಿ, ಅಪ್ಪ ಬೆವರಿ ರೋಡ್‌ಬುಕ್ ಒದ್ದೆ ಮಾಡಿದರು, ಮುಳ್ಳು ಮಾತ್ರ ಕೆಳಗಿಳಿಯಿತು. ಆಮೇಲೆ ಏರಿನ ಮಧ್ಯೆ ಪಂಪ್ ಸದ್ದು ನಿಂತಿತು. ಅಪ್ಪನೇ ಇಳಿದು ಸ್ಪ್ಯಾನರ್‌ನಿಂದ ಕುಟ್ಟಿದರು, ಮೆಲ್ಲಗೆ. ಟಿಕ್ ಟಿಕ್ ಶುರು. ಆ ಕಂಟ್ರೋಲ್‌ಗೆ (ಸಮಯ ಬರೆದುಕೊಳ್ಳುವ ಜಾಗ) ನಾಲ್ಕು ನಿಮಿಷ ಲೇಟು. ಉಳಿದ ಕಡೆ ಪರವಾಗಿಲ್ಲ. ಬಹುಮಾನ ಬರಲಿಲ್ಲ, ಅಪ್ಪ ಆಗಲೇ ಮುಂದಿನ ವರ್ಷಕ್ಕೆ ಸ್ಟಾಪ್‌ವಾಚ್ ಹುಡುಕುತ್ತಿದ್ದಾರೆ.

ಜಡ್ಜ್ ಒಬ್ಬರು ಪೇಂಟ್ ಹೊಗಳಿ, ರೇಡಿಯೇಟರ್ ಪೈಪಿನ ಕ್ಲಿಪ್ಪುಗಳು ಆ ಕಾಲದವಲ್ಲ ಅಂತ ಅಂಕ ಕಳೆದರು.

ಪಾಲಿಶ್ ಬಟ್ಟೆ

ಕಳೆಯಲೇಬೇಕು. ಆ ಕಾಲದ ತಂತಿ ಕ್ಲಿಪ್ ಈಗಲೂ ಸಿಗುತ್ತೆ.

ಗ್ರೀಸ್ ಕೈ

ಸಿಗುತ್ತೆ, ಸೋರುತ್ತೆ ಕೂಡ. ಈಗಿರೋದನ್ನೇ ಇಟ್ಟುಕೊಳ್ಳಿ.

ಹೊಸ ಸ್ಪ್ಯಾನರ್

ನಾನು ಆ ಟ್ರಾಫಿಕೇಟರ್ ಗಾಡಿ ತಗೊಂಡೆ. ನಿಪ್ಪಲ್ ಮೇಲೆ ಪೇಂಟ್ ಇದೆ. ಎಲ್ಲಿಂದ ಶುರು ಮಾಡಲಿ?

ತುಕ್ಕು ಕಂಡರಾಗದು

ಬೇರೆ ಥ್ರೆಡ್ ತೆರೆಯಿರಿ, ಬರ್ತೀವಿ. ಅಲ್ಲಿಯವರೆಗೆ ಗಾಡಿ ಓಡಿಸಬೇಡಿ.